ಬಾವಿಯ ಎಂಜಿನು ಮತ್ತು ಅದರ ಹೊಗೆ

ವಿಜಾಪುರ ಸೀಮೆಯ ಇತಿಹಾಸವೆಂದೊಡನೆ ಆದಿಲಶಾಹಿ ಅರಸರೂ ಗೋಳಗುಮ್ಮಟವೂ ಕಣ್ಣಮುಂದೆ ನಿಲ್ಲುವುದು ಸಹಜವಾದುದು. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ನಾಲ್ಕು ಹಳೆಯ ತಾಲ್ಲೂಕುಗಳ ಒಕ್ಕಲಿಗನ ಬಾಳನ್ನು ಕಳೆದ ಶತಮಾನದಲ್ಲಿ ಮಾರ್ಪಡಿಸಿದ ವಸ್ತುಗಳಲ್ಲಿ ಡೀಸೆಲ್ ಎಂಜಿನಿಗೆ ದೊಡ್ಡ ಸ್ಥಾನವುಂಟು. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ ಹರಿದರೂ ಈ ಕರಿನೆಲಕ್ಕೆ ಮಳೆ ಕಡಿಮೆ; ನೀರಾವರಿಯ ಬೆಳೆಗೆ ಬಾವಿಯೇ ಬಹುಕಾಲದ ಆಧಾರ. ಆ ಬಾವಿಗಳಲ್ಲಿ ಎತ್ತುಗಳ ಕಪಿಲೆಯನ್ನು ಹಿಂದೆ ಸರಿಸಿದ ಎಂಜಿನಿನ ಹೊಗೆಯನ್ನು ತಗ್ಗಿಸುವ ಪ್ರಯತ್ನಗಳನ್ನು ನಾವಿಲ್ಲಿ ವಿಚಾರಿಸುವೆವು.

ಈ ಎಂಜಿನುಗಳು ಬಂದ ದಾರಿ ದೂರದ್ದಲ್ಲ. ಬೆಳಗಾವಿಯಲ್ಲಿ 1888ರಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1910ರಲ್ಲಿ ಔಂಧ ಸಂಸ್ಥಾನದಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಅವರ ಮನೆತನದ ಆಯಿಲ್ ಎಂಜಿನ್ ಸಂಸ್ಥೆ 1946ರಲ್ಲಿ ಪುಣೆಯಲ್ಲಿ ಸ್ಥಾಪಿತವಾಯಿತು. ಸಾತಾರೆಯ ಕೂಪರ್ ಕಾರ್ಖಾನೆ ಅದಕ್ಕೂ ಮುಂಚಿನದು. ವಿಜಾಪುರವು 1956ರವರೆಗೆ ಮುಂಬಯಿ ರಾಜ್ಯದಲ್ಲಿದ್ದುದರಿಂದ ಈ ಊರುಗಳು ನಮ್ಮ ರೈತರಿಗೆ ಪರರಾಜ್ಯವಾಗಿರಲಿಲ್ಲ.

ಈಗ ಬಾವಿಯೊಳಕ್ಕೆ ಇಳಿಯೋಣ. ವಾಯುಮಂಡಲದ ಒತ್ತಡವು ನೀರನ್ನು ತಾತ್ತ್ವಿಕವಾಗಿ ಸುಮಾರು 10 ಮೀಟರು ಮೇಲೆತ್ತಬಲ್ಲುದಾದರೂ ವ್ಯವಹಾರದಲ್ಲಿ ಪಂಪು ಹೀರುವುದು 6-7 ಮೀಟರು ಮಾತ್ರ. ನೀರು ಅದಕ್ಕಿಂತ ಆಳಕ್ಕೆ ಜಾರಿದಾಗ ಪಂಪನ್ನೂ ಅದರೊಡನೆ ಎಂಜಿನನ್ನೂ ಬಾವಿಯ ನಡುವಿನ ಕಟ್ಟೆಗೆ ಇಳಿಸಬೇಕಾಯಿತು. ಹೊಗೆಯೂ ಕೆಳಗಿಳಿಯಿತು. ಗಾಳಿಯಾಡದ ಗುಂಡಿಯಲ್ಲಿ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡು ಸೇರಿದರೆ, ಎಂಜಿನು ನಿಲ್ಲಿಸಲು ಇಳಿದವನು ಮೇಲೆ ಬಾರದಿರಬಹುದು. ಹೊಗೆಯ ಕೊಳವೆಯನ್ನು ಉದ್ದಮಾಡಿ ಬಾವಿಯ ಬಾಯಿಗೆ ತಂದುದೇ ಈ ಯಂತ್ರಕ್ಕೆ ನಡೆದ ಮೊದಲ ಮಾರ್ಪಾಟು. ಅದು ಹೊಗೆಯ ಜಾಗವನ್ನು ಬದಲಿಸಿತೇ ಹೊರತು ಹೊಗೆಯನ್ನು ಕಡಮೆಮಾಡಲಿಲ್ಲ. ಕೊಳವೆ ಕಿರಿದಾಗಿ ಬಾಗಿದ್ದರೆ ಒಳಗೆ ಎದುರೊತ್ತಡವುಂಟಾಗಿ ಹೊಗೆ ಇನ್ನೂ ಕಪ್ಪಾಗುತ್ತಿತ್ತು. ಆದರೂ ಪ್ರಾಣ ಉಳಿಸಿದ ಮಾರ್ಪಾಟನ್ನು ಹಗುರವಾಗಿ ಕಾಣಲಾಗದು.

ಎರಡನೆಯ ಮಾರ್ಪಾಟು ಎಂಜಿನಿನ ಹೊರಗೆ ನಡೆಯಿತು. 1978ರಲ್ಲಿ ಸ್ಥಾಪಿತವಾದ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನ ಸಂಘವು ದೇಶದಲ್ಲಿ ಪಂಪುಗಳ ತಿದ್ದುಪಡಿಯನ್ನು ಕೈಗೊಂಡಿತು. ನೀರಿಗೆ ಬಹಳ ತಡೆಯೊಡ್ಡುವ ಫುಟ್‌ವಾಲ್ವನ್ನು ತೆಗೆದು ಸುಗಮವಾದುದನ್ನು ಕೂಡಿಸುವುದು, ಕಬ್ಬಿಣದ ಕೊಳವೆಗೆ ಬದಲಾಗಿ ನುಣುಪಾದ ಪಿವಿಸಿ ಕೊಳವೆ ಹಾಕುವುದು, ಇಷ್ಟೇ ಅದರ ತಿರುಳು. ಉದ್ದೇಶ ಎಣ್ಣೆಯ ಉಳಿತಾಯ. ಉರಿಯದ ಎಣ್ಣೆ ಹೊಗೆಯಾಗದೆಂಬುದು ಅದರ ಜೊತೆಗೆ ಬಂದ ಲಾಭ. ಅಗ್ಗದ ಈ ಕ್ರಮವನ್ನು ಹೊಗೆಯ ಚರಿತ್ರೆಯಲ್ಲಿ ಮರೆತಿರುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

ಹೊಗೆಯನ್ನೇ ಹಿಡಿಯುವ ಶೋಧಕವಾದರೋ ಬಹುಕಾಲ ಇಲ್ಲಿ ಅಸಾಧ್ಯವಾಗಿತ್ತು. 1990ರ ದಶಕದ ಆರಂಭದಲ್ಲಿ ನಮ್ಮ ಡೀಸೆಲಿನಲ್ಲಿ ನೂರಕ್ಕೆ 1ರವರೆಗೆ ಗಂಧಕವಿರಲು ಅವಕಾಶವಿತ್ತು. ಗಂಧಕವು ವೇಗವರ್ಧಕವನ್ನು ಕೆಡಿಸುತ್ತದೆ. 2020ರ ಏಪ್ರಿಲಿನಿಂದ ಹತ್ತು ಲಕ್ಷಕ್ಕೆ 10 ಭಾಗದ ಮಿತಿ ದೇಶಕ್ಕೆಲ್ಲ ಅನ್ವಯವಾದ ಮೇಲೆ ಆ ಅಡ್ಡಿ ನೀಗಿತು. ಮತ್ತೊಂದು ಉಳಿಯಿತು: ಶೋಧಕದಲ್ಲಿ ಕೂಡಿದ ಮಸಿ ಸುಡಲು ಹೊಗೆಯ ಕಾವು ಸಾಕಷ್ಟಿರಬೇಕು. ಅರೆಭಾರದಲ್ಲಿ ಮೆಲ್ಲಗೆ ತಿರುಗುವ ಒಂಟಿ ಸಿಲಿಂಡರಿನ ಎಂಜಿನಿಗೆ ಆ ಕಾವು ಎಲ್ಲಿಯದು? ಮಸಿ ತುಂಬಿ ದಾರಿ ಕಟ್ಟುತ್ತದೆ. ಸ್ವಿಟ್ಜರ್ಲೆಂಡಿನವರು 1990ರ ದಶಕದಲ್ಲಿ ಪರೀಕ್ಷೆ ನಡೆಸಿ ಸುರಂಗ ತೋಡುವ ಡೀಸೆಲ್ ಯಂತ್ರಗಳಿಗೆ ಶೋಧಕವನ್ನು ಕಡ್ಡಾಯ ಮಾಡಿದರು. ನಮ್ಮ ಬಾವಿಯೂ ಒಂದು ಬಗೆಯ ಸುರಂಗವೇ. ಆದರೆ ಅಲ್ಲಿಯದು ದೊಡ್ಡ ಕಂಪೆನಿಯ ಯಂತ್ರ, ಇಲ್ಲಿಯದು ಸಾಲದ ಯಂತ್ರ.

ಲಿಯೋನಿನ ಅರ್ಬುದ ಸಂಶೋಧನ ಸಂಸ್ಥೆ 2012ರಲ್ಲಿ ಡೀಸೆಲ್ ಹೊಗೆಯನ್ನು ಅರ್ಬುದಕಾರಕವೆಂದು ನಿರ್ಣಯಿಸಿತು. ಭಾರತದಲ್ಲಿ ಟ್ರ್ಯಾಕ್ಟರುಗಳ ಹೊಗೆಗೆ 1999ರಿಂದ ಮಿತಿಯುಂಟು. 50 ಅಶ್ವಶಕ್ತಿಗೆ ಮೇಲ್ಪಟ್ಟವುಗಳಿಗೆ 2023ರಲ್ಲಿ ಇನ್ನೂ ಬಿಗಿಯಾಯಿತು. ಆದರೆ ಇವು ಹೊಸ ಯಂತ್ರಗಳಿಗೆ ಮಾತ್ರ. ಹಳೆಯ ಎಂಜಿನಿಗೆ ಕೂಡಿಸುವ ಸಾಧನಗಳ ಪರೀಕ್ಷಾವಿಧಿಯನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಲಿ 2022ರಲ್ಲಿ ಪ್ರಕಟಿಸಿ, ಮಸಿಯ ಕಣಗಳಲ್ಲಿ ನೂರಕ್ಕೆ 70ನ್ನಾದರೂ ಹಿಡಿಯಬೇಕೆಂದಿತು. ಅದು ವಿದ್ಯುಜ್ಜನಕಗಳನ್ನು ಕುರಿತದ್ದು. ಪಟ್ಟಣದ ಆಸ್ಪತ್ರೆಯ ಜನರೇಟರಿಗೆ ದೊರೆತ ಗಮನ ಸಿಂದಗಿಯ ಹೊಲದ ಎಂಜಿನಿಗೆ ದೊರೆಯಲಿಲ್ಲ.

ನಿಜವಾಗಿ ಇಲ್ಲಿ ಹೊಗೆಯನ್ನು ತಗ್ಗಿಸಿದ್ದು ಶೋಧಕವಲ್ಲ, ವಿದ್ಯುತ್ತು. 1969ರಲ್ಲಿ ಗ್ರಾಮೀಣ ವಿದ್ಯುದೀಕರಣ ನಿಗಮವು ಸ್ಥಾಪಿತವಾದ ಮೇಲೆ ಹಳ್ಳಿಗಳಿಗೆ ತಂತಿ ಹಬ್ಬಿತು. ಕೊಳವೆಬಾವಿಯೊಳಗೆ ಮುಳುಗಿಸುವ ಮೋಟಾರು ಹೀರಿಕೆಯ ಮಿತಿಯನ್ನೇ ಇಲ್ಲವಾಗಿಸಿತು. 1964ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟಿನ ಯೋಜನೆಯಿಂದ ಕಾಲುವೆಯ ನೀರೂ ಬಂದಿತು. 2019ರ ಕುಸುಮ್ ಯೋಜನೆ ಡೀಸೆಲ್ ಪಂಪಿಗೆ ಬದಲಾಗಿ ಸೌರಪಂಪನ್ನು ಕೊಡಲು ಹೊರಟಿತು. ಇಷ್ಟಾದರೂ ಹಳೆಯ ಎಂಜಿನನ್ನು ಒಕ್ಕಲಿಗನು ಮಾರಿಬಿಡಲು ಒಪ್ಪನು. ಕರೆಂಟು ಹೋದ ದಿನ, ಕಬ್ಬು ಒಣಗುವ ವೇಳೆ, ಬಾವಿಯಿಂದ ಮೇಲೆ ತಂದ ಅದನ್ನೇ ಗಾಡಿಯ ಮೇಲಿಟ್ಟು ಕಾಲುವೆಯ ದಂಡೆಗೆ ಎಳೆಯುವನು.