ಚಳಿನಾಡಿನ ತೋಟ ಮೈಸೂರಿಗೆ ಬಂದ ಬಗೆ

ಕಾಶ್ಮೀರ ಪ್ರವಾಸ ಮುಗಿಸಿ ಬಂದ ನಮ್ಮ ಬಂಧುವೊಬ್ಬರು ಕೆಲವು ವರ್ಷಗಳ ಹಿಂದೆ ನಮಗಾಗಿ ಆರು ಟುಲಿಪ್ ಗಡ್ಡೆಗಳನ್ನು ತಂದಿದ್ದರು. ನೋಡಲು ಈರುಳ್ಳಿಯಂತೆಯೇ ಇದ್ದವು. ಶ್ರೀನಗರದ ದಾಲ್ ಸರೋವರದ ಬಳಿಯ ಟುಲಿಪ್ ತೋಟದ ಚಿತ್ರಗಳನ್ನು ತೋರಿಸಿ, 'ನಿಮ್ಮ ಅಂಗಳವೂ ಹೀಗೇ ಆಗಲಿ' ಎಂದು ಹರಸಿದರು. ನಾವು ಒಳ್ಳೆಯ ಗೊಬ್ಬರ ಹಾಕಿ ಕುಂಡಗಳಲ್ಲಿ ಅವನ್ನು ನೆಟ್ಟೆವು. ನಾಲ್ಕು ಗಡ್ಡೆಗಳಲ್ಲಿ ಎಲೆ ಬಂತು, ಎರಡು ಕೊಳೆತವು. ಹೂವು ಮಾತ್ರ ಒಂದರಲ್ಲೂ ಬರಲಿಲ್ಲ.

ನಮ್ಮ ಬೀದಿಯ ಮನೆಗಳಲ್ಲಿ ತೋಟದ ಕೆಲಸ ಮಾಡುವ ವೃದ್ಧ ಮಾಲಿಯೊಬ್ಬರಿಗೆ ಅವನ್ನು ತೋರಿಸಿದೆವು. ಗಡ್ಡೆಯೊಂದನ್ನು ಕಿತ್ತು, ಒತ್ತಿ ನೋಡಿ, 'ಇದು ಚಳಿ ದೇಶದ್ದು ಸಾಹೇಬ್ರೇ. ಇದಕ್ಕೆ ನಿದ್ದೆ ಬೇಕು. ನಮ್ಮೂರ ಚಳೀಲಿ ಇದಕ್ಕೆ ನಿದ್ದೆ ಹತ್ತಲ್ಲ' ಎಂದರು.

ಆ ಒಂದು ಮಾತಿನಲ್ಲಿ ಸಸ್ಯಶಾಸ್ತ್ರದ ಒಂದು ಪಾಠವೇ ಇತ್ತು. ಟುಲಿಪ್ ಗಡ್ಡೆಗೆ ಸುಮಾರು ಮೂರು ತಿಂಗಳ ಕೊರೆಯುವ ಚಳಿ ಸಿಕ್ಕರೆ ಮಾತ್ರ ಒಳಗಿನ ಹೂಮೊಗ್ಗು ಸರಿಯಾಗಿ ಬೆಳೆದು ಹೊರಬರುತ್ತದೆ. ಕಾಶ್ಮೀರದ ಸೇಬಿನ ಅನೇಕ ತಳಿಗಳಿಗೆ ಏಳು ಡಿಗ್ರಿಗಿಂತ ಕಡಿಮೆ ಉಷ್ಣತೆಯ ಸುಮಾರು ಸಾವಿರ ಗಂಟೆಗಳು ಬೇಕು. ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿರುವ ಮೈಸೂರಿನಲ್ಲಿ ಡಿಸೆಂಬರ್-ಜನವರಿಯ ರಾತ್ರಿಗಳಲ್ಲೂ ಉಷ್ಣತೆ ಸಾಮಾನ್ಯವಾಗಿ 16 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ನಮಗೆ ಕಂಬಳಿ ಬೇಕೆನಿಸುವ ಆ ಚಳಿ ಸೇಬಿನ ಮರಕ್ಕೆ ಚಳಿಯೇ ಅಲ್ಲ.

ಆದರೆ ಆಗ ನಮ್ಮಲ್ಲಿ ಇನ್ನೊಂದು ಪ್ರಶ್ನೆ ಹುಟ್ಟಿತು. ಕಾಶ್ಮೀರದ ಒಂದು ಗಡ್ಡೆ ಮೈಸೂರಿನ ಮಣ್ಣಿಗೆ ಒಗ್ಗದಿದ್ದರೆ, ಕಾಶ್ಮೀರದ ಇಡೀ ತೋಟದ ಕಲ್ಪನೆ ಇಲ್ಲಿಂದ ಹತ್ತೊಂಬತ್ತು-ಇಪ್ಪತ್ತು ಕಿಲೋಮೀಟರ್ ದೂರದ ಕನ್ನಂಬಾಡಿಯಲ್ಲಿ ಹೇಗೆ ಬೇರೂರಿತು? ಶಾಲಿಮಾರಿನ ಮಾದರಿಯಲ್ಲಿ ರೂಪುಗೊಂಡ ಬೃಂದಾವನ ಇಂದಿಗೂ ಲಕ್ಷಾಂತರ ಜನರನ್ನು ಸೆಳೆಯುತ್ತಿದೆಯಲ್ಲ!

ಗಿಡಕ್ಕಿಂತ ಮೊದಲು ಬಂದದ್ದು ನಕ್ಷೆ

ಚೌಕಾಕಾರದ ನೆಲ, ಅದನ್ನು ನಾಲ್ಕು ಭಾಗ ಮಾಡುವ ಕಾಲುವೆಗಳು, ಅಂಚಿನಲ್ಲಿ ಸೈಪ್ರಸ್ ಸಾಲು, ನಡುವೆ ಹಣ್ಣಿನ ಮರಗಳು. ಪರ್ಷಿಯಾದ 'ಚಾರ್‌ಬಾಗ್' ಎಂದರೆ ಇಷ್ಟು. ಸುತ್ತ ಒಣ ನೆಲ, ದೂರದ ಬೆಟ್ಟಗಳಲ್ಲಿ ಹಿಮ, ಹಿಮ ಕರಗಿ ಹರಿದುಬರುವ ನೀರು ಇವುಗಳ ನಡುವೆ ಹುಟ್ಟಿದ ತೋಟವಿದು. ಕೆಳಗೆ ನದಿಗಳು ಹರಿಯುವ ಉದ್ಯಾನದ ಕುರ್‌ಆನಿನ ಚಿತ್ರ ಆ ನಾಡುಗಳ ಮುಸ್ಲಿಮರ ಮನಸ್ಸಿನಲ್ಲಿ ಈ ತೋಟಕ್ಕೆ ಇನ್ನಷ್ಟು ಅರ್ಥ ತುಂಬಿತು.

ಈ ತೋಟವನ್ನು ಹಿಂದೂಸ್ತಾನಕ್ಕೆ ತಂದವರಲ್ಲಿ ಬಾಬರ್ ಪ್ರಮುಖ. 1526ರಲ್ಲಿ ಆಗ್ರಾಕ್ಕೆ ಬಂದ ಆತನಿಗೆ ಇಲ್ಲಿನ ಸೆಕೆ, ಧೂಳು ಸಹಿಸಲಾಗಲಿಲ್ಲ. ಇಲ್ಲಿ ಒಳ್ಳೆಯ ದ್ರಾಕ್ಷಿಯಿಲ್ಲ, ಕರಬೂಜವಿಲ್ಲ, ಮಂಜುಗಡ್ಡೆಯಿಲ್ಲ ಎಂದು ತನ್ನ ಆತ್ಮಕಥೆಯಲ್ಲಿ ಕೊರಗಿದ. ಕೊರಗಿ ಸುಮ್ಮನಾಗದೆ ಯಮುನೆಯ ದಡದಲ್ಲಿ ತೋಟ ಮಾಡಿಸಿ ಅಲ್ಲೇ ಕರಬೂಜ ಬೆಳೆಸಿದ. ಆತನ ವಂಶಜರಿಗೆ ಕಾಶ್ಮೀರ ಸಿಕ್ಕಾಗ ತವರಿನ ಹವೆಯೇ ಸಿಕ್ಕಂತಾಯಿತು. ಜಹಾಂಗೀರನ ಕಾಲದಲ್ಲಿ, 1619ರಲ್ಲಿ, ಶಾಲಿಮಾರ್ ಆರಂಭವಾಯಿತು. 1633ರಲ್ಲಿ ಆಸಫ್ ಖಾನ್ ನಿಷಾತ್ ಬಾಗ್ ನಿರ್ಮಿಸಿದ. ಅಲ್ಲಿ ಬೆಟ್ಟದ ಇಳಿಜಾರೇ ತೋಟದ ಮೆಟ್ಟಿಲಾಯಿತು, ಚಿನಾರ್ ಮರವೇ ನೆರಳಾಯಿತು.

ದಕ್ಷಿಣಕ್ಕೆ ಈ ತೋಟದ ನಕ್ಷೆ ಮೊಗಲ್ ಸುಬೇದಾರರ ಜೊತೆಗೂ ಬಂತು. ಶಿರಾದಲ್ಲಿ ದಿಲಾವರ್ ಖಾನನ ಕಾಲದ ತೋಟವೇ ಹೈದರಾಲಿಗೆ ಮಾದರಿಯಾಯಿತೆಂದು ಹೇಳುತ್ತಾರೆ. 1760ರಲ್ಲಿ ಹೈದರಾಲಿ ಬೆಂಗಳೂರಿನಲ್ಲಿ ಆರಂಭಿಸಿದ ತೋಟವೇ ಲಾಲ್‌ಬಾಗ್. ಶ್ರೀರಂಗಪಟ್ಟಣದ ಗಂಜಾಮಿನಲ್ಲೂ ಒಂದು ಲಾಲ್‌ಬಾಗ್ ಇದೆ. ತಂದೆ-ಮಗ ಇಬ್ಬರೂ ಅಲ್ಲಿಯ ಗುಂಬಜಿನಲ್ಲಿ ಮಣ್ಣಾಗಿದ್ದಾರೆ.

ಟಿಪ್ಪು ಸುಲ್ತಾನರಿಗೆ ಗಿಡಗಳ ಹುಚ್ಚು ತಂದೆಗಿಂತ ಹೆಚ್ಚು. ಕಾಬೂಲ್, ಪರ್ಷಿಯಾ, ತುರ್ಕಿ, ಮಾರಿಷಸ್‌ಗಳಿಂದ ಸಸಿ, ಬೀಜಗಳನ್ನು ಅವರು ತರಿಸಿದರು. 1788ರಲ್ಲಿ ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿಯ ಆಸ್ಥಾನಕ್ಕೆ ಹೋದ ಅವರ ರಾಯಭಾರಿಗಳು ಸೈನಿಕ ನೆರವಿನ ಮಾತಿನ ಜೊತೆಗೆ ಕುಶಲಕರ್ಮಿಗಳನ್ನೂ, ಸಸಿ-ಬೀಜಗಳನ್ನೂ ಕೇಳಿದ್ದರು. ಯುದ್ಧದ ನಡುವೆ ಗಿಡಕ್ಕಾಗಿ ಕೈಚಾಚಿದ ಈ ದೊರೆಯ ಚಿತ್ರ ನಮ್ಮ ಪಠ್ಯಪುಸ್ತಕಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ.

ಬುಕಾನನ್ ಕಂಡ ತೋಟ

ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರದ ಆಣತಿಯಂತೆ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಬೆಂಗಳೂರಿನ ತೋಟವನ್ನೂ ನೋಡಿದ. ಸುಲ್ತಾನರನ್ನು ಹೊಗಳುವ ಯಾವ ಅಗತ್ಯವೂ ಆತನಿಗೆ ಇರಲಿಲ್ಲ. ಆತ ಕಂಡದ್ದು ಹೀಗಿದೆ: ಚೌಕಚೌಕವಾದ ಪಾತಿಗಳು, ದಾರಿಗಳ ಅಂಚಿನಲ್ಲಿ ಸೊಗಸಾದ ಸೈಪ್ರಸ್ ಮರಗಳು. ಒಂದು ಪಾತಿಯ ತುಂಬ ಬರೀ ಗುಲಾಬಿ, ಇನ್ನೊಂದರ ತುಂಬ ಬರೀ ದಾಳಿಂಬೆ. ದ್ರಾಕ್ಷಿ ಹುಲುಸಾಗಿ ಬೆಳೆದಿದೆ, ಸೇಬು ಮತ್ತು ಪೀಚ್ ಮರಗಳು ಹಣ್ಣು ಕೊಡುತ್ತಿವೆ. ದಕ್ಷಿಣ ಆಫ್ರಿಕಾದ ಕೇಪ್‌ನಿಂದ ಆಗಷ್ಟೇ ತಂದ ಪೈನ್ ಮತ್ತು ಓಕ್ ಸಸಿಗಳು ಚಿಗುರಿವೆ. ನೀರು ಬರುವುದು ಬಾವಿಗಳಿಂದ. ಎತ್ತುಗಳು ಇಳಿಜಾರಿನಲ್ಲಿ ಇಳಿಯುತ್ತ ಕಪಿಲೆಯಿಂದ ನೀರೆತ್ತುತ್ತವೆ.

ಈ ಕೊನೆಯ ಮಾತನ್ನು ಗಮನಿಸಬೇಕು. ನಕ್ಷೆ ಪರ್ಷಿಯಾದ್ದು, ನೀರೆತ್ತುವ ಕಪಿಲೆ ಮಾತ್ರ ನಮ್ಮ ರೈತನದು. ಹಿಮ ಕರಗಿ ಹರಿಯುವ ನೀರು ಇಲ್ಲಿಲ್ಲವೆಂದು ತೋಟ ನಿಲ್ಲಲಿಲ್ಲ. ಚಳಿನಾಡಿನ ಗಿಡಗಳಲ್ಲಿ ಯಾವುದು ಉಳಿಯಿತು, ಯಾವುದು ಹೋಯಿತು ಎಂಬುದನ್ನು ಕಾಲವೇ ತೀರ್ಮಾನಿಸಿತು. ಸೇಬು, ಪೀಚ್, ಓಕ್ ನಮ್ಮ ಊರುಗಳ ಮರಗಳಾಗಲಿಲ್ಲ. ಗುಲಾಬಿ, ದ್ರಾಕ್ಷಿ, ಅಂಜೂರ, ದಾಳಿಂಬೆ ನಮ್ಮವೇ ಆದವು. ಬಾದಾಮಿಯ ಕಥೆ ಬೇರೆ. ನಿಜವಾದ ಬಾದಾಮಿ ಮರಕ್ಕೆ ಚಳಿಗಾಲ ಬೇಕು, ಅದು ಇಲ್ಲಿಗೆ ಒಗ್ಗಲಿಲ್ಲ. ಆದರೆ ಹೆಸರು ಉಳಿಯಿತು. ಮೈಸೂರಿನ ಬೀದಿಗಳಲ್ಲಿ ಅಗಲ ಎಲೆಯ ಬೇರೊಂದು ಮರ 'ಬಾದಾಮಿ ಮರ' ಎನಿಸಿಕೊಂಡಿತು, ನಮ್ಮ ಸಿಹಿ ಮಾವೊಂದು 'ಬಾದಾಮಿ' ಆಯಿತು.

ಹಿಮದ ಬದಲು ಬಾಯಾರಿಕೆ

ದಾಳಿಂಬೆ ಹೇಗೆ ಒಗ್ಗಿತು? ಇರಾನಿನ ಕಡೆಯ ಚಳಿಗಾಲದಲ್ಲಿ ದಾಳಿಂಬೆ ಗಿಡ ಎಲೆ ಉದುರಿಸಿ ಮಲಗುತ್ತದೆ, ವಸಂತದಲ್ಲಿ ಎದ್ದು ಹೂ ಬಿಡುತ್ತದೆ. ನಮ್ಮಲ್ಲಿ ಅದನ್ನು ಮಲಗಿಸುವ ಚಳಿಯೇ ಇಲ್ಲ. ಬಿಟ್ಟರೆ ವರ್ಷವಿಡೀ ಹಸಿರಾಗಿದ್ದು ಆಗೊಂದು ಈಗೊಂದು ಕಾಯಿ ಕೊಡುತ್ತದೆ. ಇದಕ್ಕೆ ದಖ್ಖನಿನ ತೋಟಗಾರರು ಒಂದು ಉಪಾಯ ಕಂಡುಕೊಂಡರು. ಒಂದೆರಡು ತಿಂಗಳು ನೀರು ನಿಲ್ಲಿಸುವುದು, ಬುಡದ ಮಣ್ಣು ಬಿಡಿಸಿ ಬೇರಿಗೆ ಬಿಸಿಲು ತೋರಿಸುವುದು. ಗಿಡ ಬಾಯಾರಿ ಎಲೆ ಉದುರಿಸುತ್ತದೆ. ಆಮೇಲೆ ಸವರಿ, ಗೊಬ್ಬರ ಕೊಟ್ಟು ನೀರು ಹಾಯಿಸಿದರೆ ಮೈತುಂಬ ಹೂವು. ಅಲ್ಲಿ ಹಿಮ ಮಾಡುವ ಕೆಲಸವನ್ನು ಇಲ್ಲಿ ಬಾಯಾರಿಕೆ ಮಾಡುತ್ತದೆ.

ಈ ಪದ್ಧತಿಯ ಹೆಸರು ಇನ್ನೂ ಸ್ವಾರಸ್ಯಕರ. ವಿಜಯಪುರ, ಬಾಗಲಕೋಟೆಯ ಕಡೆಯ ದಾಳಿಂಬೆ ಬೆಳೆಗಾರರು ಇದನ್ನು 'ಬಹಾರ್' ಎನ್ನುತ್ತಾರೆ. ಬಹಾರ್ ಎಂದರೆ ಫಾರಸಿಯಲ್ಲಿ ವಸಂತ. ಮಾವು ಹೂ ಬಿಡುವಾಗ ಹೂವು ತರಿಸಿದರೆ ಅಂಬೆ ಬಹಾರ್, ಮೃಗಶಿರಾ ಮಳೆಯ ಹೊತ್ತಿಗೆ ತರಿಸಿದರೆ ಮೃಗ ಬಹಾರ್, ಹಸ್ತಾ ಮಳೆಗೆ ತರಿಸಿದರೆ ಹಸ್ತ ಬಹಾರ್. ಇರಾನಿನ ವಸಂತವೂ ನಮ್ಮ ಮಳೆ ನಕ್ಷತ್ರವೂ ಒಂದೇ ಮಾತಿನಲ್ಲಿ ಕೂಡಿಕೊಂಡಿವೆ. ಇದನ್ನು ಯಾವ ಪಂಡಿತರೂ ಕುಳಿತು ರಚಿಸಲಿಲ್ಲ, ಹೊಲದಲ್ಲಿ ದುಡಿಯುವವರ ಬಾಯಲ್ಲೇ ಇದು ಹುಟ್ಟಿತು.

ದಿವಾನ ಮತ್ತು ಮಾಲಿ

ಇನ್ನು ಬೃಂದಾವನಕ್ಕೆ ಬರೋಣ. ಸರ್ ಮಿರ್ಜಾ ಇಸ್ಮಾಯಿಲ್ 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದರು. ಅವರ ತಾತ ಅಲಿ ಅಸ್ಕರ್ ಇರಾನಿನ ಶಿರಾಜ್‌ನಿಂದ ಬೆಂಗಳೂರಿಗೆ ಬಂದ ಕುದುರೆ ವ್ಯಾಪಾರಿ. ಗುಲಾಬಿ ತೋಟಗಳಿಗೆ ಹೆಸರಾದ ಶಿರಾಜ್‌ನ ನೆನಪು ಮೊಮ್ಮಗನ ರಕ್ತದಲ್ಲಿ ಇತ್ತೋ ಏನೋ, ರಸ್ತೆ, ಉದ್ಯಾನ, ಕಾರಂಜಿಗಳೆಂದರೆ ಅವರಿಗೆ ಎಲ್ಲಿಲ್ಲದ ಆಸ್ಥೆ. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಕೆಲಸ ಕೊನೆಯ ಹಂತದಲ್ಲಿದ್ದಾಗ, 1927ರಲ್ಲಿ, ಅದರ ಬುಡದಲ್ಲಿ ತೋಟದ ಕೆಲಸ ಆರಂಭವಾಯಿತು. 1932ರಲ್ಲಿ ಮುಗಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಅದನ್ನು ಮೊದಲು ಕೃಷ್ಣರಾಜೇಂದ್ರ ಟೆರೇಸ್ ಗಾರ್ಡನ್ ಎನ್ನುತ್ತಿದ್ದರು. ವಿಸ್ತಾರ ಸುಮಾರು 60 ಎಕರೆ.

ಅದರ ವಿನ್ಯಾಸಕಾರ ಜರ್ಮನಿಯ ಗುಸ್ತಾವ್ ಹರ್ಮನ್ ಕ್ರುಂಬಿಗಲ್. 1865ರಲ್ಲಿ ಡ್ರೆಸ್ಡೆನ್ ಬಳಿ ಹುಟ್ಟಿ, ಲಂಡನ್ನಿನ ಕ್ಯೂ ತೋಟದಲ್ಲಿ ಪಳಗಿ, ಬರೋಡಾ ಸಂಸ್ಥಾನದಲ್ಲಿ ದುಡಿದು 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದವರು. ಮಹಾಯುದ್ಧದ ಕಾಲದಲ್ಲಿ ಜರ್ಮನ್ ಎಂಬ ಕಾರಣಕ್ಕೆ ಬ್ರಿಟಿಷರ ಬಂಧನಕ್ಕೂ ಒಳಗಾದರು. ಆದರೂ ಈ ನಾಡನ್ನು ಬಿಡಲಿಲ್ಲ. 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು.

ಚಳಿನಾಡಿನಲ್ಲಿ ಹುಟ್ಟಿದ ಈ ಮನುಷ್ಯ ತನ್ನೂರಿನ ಓಕ್, ಬರ್ಚ್ ಮರಗಳನ್ನು ನಮ್ಮ ರಸ್ತೆಗಳಿಗೆ ತರಲಿಲ್ಲ. ಮಡಗಾಸ್ಕರದ ಗುಲ್‌ಮೊಹರ್, ದಕ್ಷಿಣ ಅಮೆರಿಕದ ಜಕರಂಡಾ, ತಬೆಬೂಯಾದಂಥ ಬೆಚ್ಚಗಿನ ನಾಡುಗಳ ಮರಗಳಿಗೆ ಒತ್ತು ಕೊಟ್ಟರು. ಒಂದು ಮರದ ಹೂವು ಮುಗಿಯುತ್ತಿದ್ದಂತೆ ಇನ್ನೊಂದು ಅರಳುವಂತೆ ಸಾಲುಮರಗಳನ್ನು ಆರಿಸಿದ ಕೀರ್ತಿ ಅವರದು. ತನಗೆ ಪ್ರಿಯವಾದ ಗಿಡವನ್ನಲ್ಲ, ನೆಲಕ್ಕೆ ಒಪ್ಪುವ ಗಿಡವನ್ನು ನೆಡಬೇಕೆಂಬ ವಿವೇಕ ಅದು.

ಬೃಂದಾವನದಲ್ಲೂ ಇದೇ ವಿವೇಕ ಕೆಲಸ ಮಾಡಿದೆ. ಶಾಲಿಮಾರ್‌ನಿಂದ ಬಂದದ್ದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ನೆಲ, ನಡುವೆ ಹರಿಯುವ ಕಾಲುವೆ, ಸಾಲುಸಾಲು ಕಾರಂಜಿ. ಚಿನಾರ್ ಮಾತ್ರ ಇಲ್ಲ. ಕಾಶ್ಮೀರದಲ್ಲಿ ಬೆಟ್ಟ ಇದ್ದ ಕಡೆ ಇಲ್ಲಿ ಅಣೆಕಟ್ಟೆ ನಿಂತಿದೆ. ಹಿಮದ ತೊರೆಯ ಬದಲು ಕಾವೇರಿ. ಕತ್ತರಿಸಿ ರೂಪ ಕೊಟ್ಟ ಡುರಾಂಟಾ ಗಿಡಗಳು, ಕಾಗದದ ಹೂವಿನ ಬಳ್ಳಿ, ಚೆಂಡುಹೂವು, ಕೋಳಿಜುಟ್ಟಿನ ಹೂವು ಪಾತಿಗಳನ್ನು ತುಂಬಿವೆ. ಮುಸ್ಲಿಮ್ ದಿವಾನ, ಹಿಂದೂ ಅರಸು, ಜರ್ಮನ್ ತೋಟಗಾರ, ಮೊಗಲರ ನಕ್ಷೆ, ಕೃಷ್ಣನ ಊರಿನ ಹೆಸರು, ಮಂಡ್ಯ-ಮೈಸೂರಿನ ಮಾಲಿಗಳ ಬೆವರು. ಇವುಗಳಲ್ಲಿ ಯಾವುದನ್ನು ಕಿತ್ತರೂ ಬೃಂದಾವನ ಉಳಿಯುವುದಿಲ್ಲ. ಯಾರು ಒಳಗಿನವರು, ಯಾರು ಹೊರಗಿನವರು ಎಂದು ಲೆಕ್ಕ ಹಾಕುವವರನ್ನು ಒಂದು ಸಂಜೆ ಅಲ್ಲಿಗೆ ಕರೆದೊಯ್ಯಬೇಕೆನಿಸುತ್ತದೆ.

ದಸರೆಯ ಹೂವು

ಮೈಸೂರಿನ ಒಳಗೂ ಈ ಪರಂಪರೆಯ ಕುರುಹು ಇದೆ. ದಸರಾ ಫಲಪುಷ್ಪ ಪ್ರದರ್ಶನ ನಡೆಯುವ ಕುಪ್ಪಣ್ಣ ಪಾರ್ಕಿಗೆ ನಿಷಾತ್ ಬಾಗ್ ಎಂಬ ಹೆಸರೂ ಇತ್ತು. ಶ್ರೀನಗರದ ತೋಟದ ಆ ಹೆಸರು ಇಂದು ಹಳಬರ ಬಾಯಲ್ಲಿ ಮಾತ್ರ ಕೇಳಿಬರುತ್ತದೆ. ಹೂವುಗಳು ಮಾತ್ರ ಪ್ರತಿ ವರ್ಷ ಅರಳುತ್ತಿವೆ. ಪಿಟೂನಿಯಾ, ಸಾಲ್ವಿಯಾ, ಡೇಲಿಯಾಗಳನ್ನು ಯುರೋಪಿನವರು ಬೇಸಿಗೆಯ ಹೂವುಗಳೆಂದು ಬೆಳೆಸುತ್ತಾರೆ. ನಮ್ಮ ಮಾಲಿಗಳು ಮಳೆ ಇಳಿಯುವ ಹೊತ್ತಿಗೆ ಸಸಿ ಸಿದ್ಧಪಡಿಸಿ, ಆಶ್ವೀಜದಿಂದ ಮಾಘದವರೆಗೆ ಅವುಗಳಿಂದ ಹೂವು ಪಡೆಯುತ್ತಾರೆ. ಅವರ ಬೇಸಿಗೆಯೂ ನಮ್ಮ ಚಳಿಗಾಲವೂ ಈ ಗಿಡಗಳ ಮಟ್ಟಿಗೆ ಹೆಚ್ಚುಕಡಿಮೆ ಒಂದೇ. ಇದನ್ನು ಅರಿತವರು ಚಳಿನಾಡಿನ ತೋಟಗಳಲ್ಲಿ ಕಂಡ ಅಂದವನ್ನು ಕೈಬಿಡಬೇಕಾಗಿಲ್ಲ, ಪಂಚಾಂಗ ಬದಲಿಸಿಕೊಂಡರೆ ಸಾಕು.

ಇದನ್ನೆಲ್ಲ ಈಗ ನೆನೆಯಲು ಕಾರಣವಿದೆ. 2024ರಲ್ಲಿ ಬೃಂದಾವನವನ್ನು ಖಾಸಗಿ ಸಹಭಾಗಿತ್ವದಲ್ಲಿ ಮೇಲ್ದರ್ಜೆಗೇರಿಸಲು 2,600 ಕೋಟಿ ರೂಪಾಯಿಗೂ ಮೀರಿದ ಯೋಜನೆಗೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿತು. ಅಮ್ಯೂಸ್‌ಮೆಂಟ್ ಪಾರ್ಕ್ ಬೇಡವೆಂದು ರೈತರು ಪ್ರತಿಭಟಿಸಿದರು. ಹೊರಗಿನಿಂದ ಮಾದರಿ ತರುವುದು ತಪ್ಪಲ್ಲ, ಬೃಂದಾವನವೇ ಹೊರಗಿನ ಮಾದರಿ. ಆದರೆ ಮಿರ್ಜಾ ಮತ್ತು ಕ್ರುಂಬಿಗಲ್ ಮಾದರಿಯನ್ನು ತರುವಾಗ ಈ ನೆಲ, ಈ ನೀರು, ಈ ಹವೆ ಏನನ್ನು ತಾಳುತ್ತವೆ ಎಂದು ಮೊದಲು ನೋಡಿದರು. ಹೊಸ ಯೋಜನೆಗಳನ್ನು ಬರೆಯುವವರು ಅಷ್ಟನ್ನಾದರೂ ನೋಡಬೇಕು. ಕನ್ನಂಬಾಡಿಯ ನೀರಿಗಾಗಿ ಕಾಯುತ್ತಿರುವ ಗದ್ದೆಗಳು ಆ ತೋಟದ ಗೋಡೆಯಾಚೆಗೇ ಇವೆ.

ನಮ್ಮ ಟುಲಿಪ್ ಕುಂಡಗಳು ಖಾಲಿಯಾಗಿಯೇ ಉಳಿಯಲಿಲ್ಲ. ಮಾಲಿ ಒಂದರಲ್ಲಿ ಮೈಸೂರು ಮಲ್ಲಿಗೆ ನೆಟ್ಟರು, ಇನ್ನೊಂದರಲ್ಲಿ ಗುಲಾಬಿಯ ಕಡ್ಡಿ ಊರಿದರು. ಅಕ್ಟೋಬರಿನಲ್ಲಿ ಬಂದು ಗುಲಾಬಿಯನ್ನು ಸವರಿ, ಬುಡ ಬಿಡಿಸಿ, 'ನಾಲ್ಕು ದಿನ ನೀರು ಹಾಕ್ಬೇಡಿ, ಮಲಗಲಿ' ಎಂದು ಹೇಳಿ ಹೋದರು. ಡಿಸೆಂಬರಿನಲ್ಲಿ ಅದು ಹೂ ಬಿಟ್ಟಿತು.