ಸರ್ವರಿನ ಪ್ರಥಮೋಪದೇಶ

ಯಂತ್ರವು ಎಚ್ಚೆತ್ತೊಡನೆ ಮಾಡತಕ್ಕ ಕಾರ್ಯಗಳನ್ನು ಅನುಕ್ರಮವಾಗಿ ಬರೆದಿಡುವ ‘ಆರ್‌ಸಿ’ ಎಂಬ ಕಡತವು ಯೂನಿಕ್ಸಿನ ಆದಿಕಾಲದಿಂದಲೂ ಆಯಾ ಯಂತ್ರದ ಡಿಸ್ಕಿನೊಳಗೇ ವಾಸಿಸುತ್ತಿದ್ದಿತು. ಅದರಲ್ಲಿ ದೋಷವೇನಾದರೂ ಕಂಡುಬಂದರೆ ನಿರ್ವಾಹಕನು ತೆರೆಯ ಮುಂದೆ ಕುಳಿತು ತಿದ್ದಿಬಿಡುತ್ತಿದ್ದನು. ಯಂತ್ರಗಳು ಹತ್ತಾರಾಗಿ, ನೂರಾರಾಗಿ ಬೆಳೆದಂತೆ, ಸನ್ ಸಂಸ್ಥೆಯ ಜಂಪ್‌ಸ್ಟಾರ್ಟ್, ರೆಡ್ ಹ್ಯಾಟ್‌ನ ಕಿಕ್‌ಸ್ಟಾರ್ಟ್ ಮೊದಲಾದವು ಇನ್‌ಸ್ಟಾಲ್ ಮಾಡುವಾಗ ಏಳುವ ಪ್ರಶ್ನೆಗಳಿಗೆ ಮುಂಚಿತವಾಗಿಯೇ ಉತ್ತರ ಬರೆದಿಡುವ ಪದ್ಧತಿಯನ್ನು ರೂಢಿಗೆ ತಂದವು. 1993ರಲ್ಲಿ ಮಾರ್ಕ್ ಬರ್ಜೆಸ್ ಆಸ್ಲೋದಲ್ಲಿ ರಚಿಸಿದ ಸಿಎಫ್‌ಎಂಜಿನ್, ಯಂತ್ರವು ಇರಬೇಕಾದ ಸ್ಥಿತಿಯನ್ನಷ್ಟೇ ವರ್ಣಿಸಿದರೆ ಸಾಕು, ಅದನ್ನು ಸಾಧಿಸುವ ಭಾರ ತನ್ನದೆಂಬ ನೂತನ ಮಾರ್ಗವನ್ನು ತೋರಿತು.

2006ರಲ್ಲಿ ಅಮೆಜಾನ್ ಸರ್ವರುಗಳನ್ನು ಬಾಡಿಗೆಗೆ ಕೊಡುವ ತನ್ನ ಇಸಿ2 ಸೇವೆಯನ್ನು ತೆರೆದ ಬಳಿಕ, ಯಂತ್ರಕ್ಕೆ ಆರಂಭದಲ್ಲಿ ನೀಡುವ ಈ ಉಪದೇಶವು ಡಿಸ್ಕನ್ನು ತೊರೆದು ಸರ್ವರನ್ನು ಸೃಷ್ಟಿಸುವ ಎಪಿಐ ಕರೆಯೊಳಗೆ ಸೇರಿತು. ‘ಯೂಸರ್ ಡೇಟಾ’ ಎಂದು ಕರೆಯಲ್ಪಡುವ, 16 ಕಿಲೋಬೈಟ್ ಮೀರದ ಆ ಪಠ್ಯವನ್ನು ಬೇಸ್64 ರೂಪದಲ್ಲಿ ಕಳುಹಿಸಿದರೆ, ಹೊಸದಾಗಿ ಹುಟ್ಟಿದ ಸರ್ವರು 169.254.169.254 ಎಂಬ ವಿಳಾಸವನ್ನು ವಿಚಾರಿಸಿ ಅದನ್ನು ಪಡೆಯುತ್ತದೆ. ಉಬುಂಟುವಿನ ಆಶ್ರಯದಲ್ಲಿ ಬೆಳೆದ ಕ್ಲೌಡ್-ಇನಿಟ್ ಎಂಬ ತಂತ್ರಾಂಶವು ಸರ್ವರಿನೊಳಗೆ ಆ ಪಠ್ಯದ ಮೊದಲ ಸಾಲನ್ನು ಪರೀಕ್ಷಿಸಿ, ‘#!’ ಇದ್ದರೆ ಸ್ಕ್ರಿಪ್ಟೆಂದು ನಡೆಸುವುದು. ‘#ಕ್ಲೌಡ್-ಕಾನ್ಫಿಗ್’ ಎಂದಿದ್ದರೆ ಬಳಕೆದಾರರು, ಪ್ಯಾಕೇಜುಗಳು, ಕೀಲಿಗಳು ಇವುಗಳ ಘೋಷಣೆಯೆಂದು ಗ್ರಹಿಸುವುದು.

ಮುಂದಿನ ಹೆಜ್ಜೆಯಲ್ಲಿ ಸ್ಕ್ರಿಪ್ಟಿಗೇ ಸ್ವತಂತ್ರ ಅಸ್ತಿತ್ವ ಪ್ರಾಪ್ತವಾಯಿತು. ಕ್ಲೌಡ್ ಸೇವೆಯಾದ ಲಿನೋಡ್‌ನ ಸ್ಟ್ಯಾಕ್‌ಸ್ಕ್ರಿಪ್ಟುಗಳಲ್ಲಿ ಒಮ್ಮೆ ಬರೆದುದನ್ನು ಉಳಿಸಿಟ್ಟು, ಬದಲಾಗುವ ಮೌಲ್ಯಗಳಿಗೆ ಖಾಲಿ ಸ್ಥಳಗಳನ್ನು ಬಿಡಬಹುದು. ಅಂಥದೇ ಸೇವೆಯಾದ ವಲ್ಟರ್‌ನ ಎಪಿಐಗೆ ಹೆಸರು, ಬೇಸ್64ಕ್ಕೆ ತಿರುಗಿಸಿದ ಪಠ್ಯ, ‘ಬೂಟ್’ ಅಥವಾ ‘ಪಿಎಕ್ಸ್‌ಇ’ (ನೆಟ್‌ವರ್ಕಿನಿಂದ ಬೂಟ್ ಮಾಡುವುದು) ಎಂಬ ಬಗೆ ಇಷ್ಟನ್ನು ಒಪ್ಪಿಸಿದರೆ ಗುರುತಿನ ಸಂಖ್ಯೆಯೊಂದು ದೊರೆಯುತ್ತದೆ. ಅನಂತರ ಎಷ್ಟು ಸರ್ವರುಗಳನ್ನು ಸೃಷ್ಟಿಸಿದರೂ ಆ ಸಂಖ್ಯೆಯನ್ನು ನಮೂದಿಸಿದರಾಯಿತು.

ಈ ಸೌಕರ್ಯದ ಬೆನ್ನಿಗೇ ಒಂದು ಭ್ರಾಂತಿಯೂ ಬಂದಿತು. ಎಪಿಐ ಕೊಡುವ ಸಫಲತೆಯ ಉತ್ತರವು ಸ್ಕ್ರಿಪ್ಟನ್ನು ಸ್ವೀಕರಿಸಿದುದಕ್ಕೆ ಸಾಕ್ಷಿಯೇ ಹೊರತು ಅದು ನೆರವೇರಿದುದಕ್ಕಲ್ಲ. ನಡುವಿನ ಸಾಲೊಂದರಲ್ಲಿ ಪ್ಯಾಕೇಜು ಸಿಗದೆ ಹೋದರೂ ಸರ್ವರು ‘ಚಾಲನೆಯಲ್ಲಿದೆ’ ಎಂದೇ ತೋರಬಹುದು; ನಿಜಸ್ಥಿತಿ ತಿಳಿಯಬೇಕಾದರೆ ಅದರೊಳಹೊಕ್ಕು ಕ್ಲೌಡ್-ಇನಿಟ್‌ನ ಲಾಗನ್ನು ಓದಬೇಕು. ಇದಲ್ಲದೆ, ಕ್ಲೌಡ್-ಇನಿಟ್ ಬಳಕೆದಾರನ ಸ್ಕ್ರಿಪ್ಟನ್ನು ಸಾಮಾನ್ಯವಾಗಿ ಮೊದಲ ಬೂಟಿನಲ್ಲಿ ಮಾತ್ರ ನಡೆಸಿದರೆ, ಗೂಗಲ್ ಕಂಪ್ಯೂಟ್ ಎಂಜಿನ್ನಿನ ಆರಂಭ ಸ್ಕ್ರಿಪ್ಟು ಪ್ರತಿ ಬೂಟಿನಲ್ಲಿಯೂ ನಡೆಯುತ್ತದೆ. ಆದಕಾರಣ ಎಷ್ಟು ಸಲ ನಡೆದರೂ ಫಲವೊಂದೇ ಆಗುವಂತೆ ಬರೆಯುವುದು ವಿವೇಕ. ಸರ್ವರಿನೊಳಗಿನ ಪ್ರಕ್ರಿಯೆಗಳು ಯೂಸರ್ ಡೇಟಾವನ್ನು ಓದಬಲ್ಲವಾದುದರಿಂದ ಅದರಲ್ಲಿ ಪಾಸ್‌ವರ್ಡ್ ಬರೆಯುವುದು ಸರ್ವಥಾ ಸಲ್ಲದು.

ಕೋರ್‌ಓಎಸ್‌ನವರು ರಚಿಸಿದ ಇಗ್ನಿಷನ್ ಎಂಬ ಸಾಧನವು, ಸ್ವೀಕಾರವನ್ನೇ ಸಫಲತೆಯೆಂದು ಬಗೆಯುವ ಈ ಭ್ರಾಂತಿಗೆ ಕಠಿಣವಾದ ಪರಿಹಾರವನ್ನು ಸೂಚಿಸಿತು: ಮೂಲ ಕಡತವ್ಯವಸ್ಥೆಗೆ ಪ್ರವೇಶಿಸುವ ಮುನ್ನವೇ ಕೆಲಸಮಾಡುವ ಅದು, ಉಪದೇಶವನ್ನು ಸಂಪೂರ್ಣವಾಗಿ ಪಾಲಿಸಲಾಗದಿದ್ದರೆ ಯಂತ್ರವನ್ನು ಏಳಗೊಡುವುದೇ ಇಲ್ಲ. ಅರೆಸಿದ್ಧವಾದ ಸರ್ವರು ಸೇವೆಗೆ ನಿಂತು ಮುಂದೆಂದೋ ಎಡವುವುದಕ್ಕಿಂತ ಆರಂಭದಲ್ಲೇ ಬಹಿರಂಗವಾಗಿ ಸೋಲುವುದು ಲೇಸೆಂಬ ಈ ತತ್ತ್ವವು, ನಿರ್ವಾಹಕನು ಯಂತ್ರದಿಂದ ದೂರ ಸರಿದಷ್ಟೂ ಹೆಚ್ಚು ಅವಶ್ಯಕವಾಗಿದೆ.