ಸೀರಮ್ ಕಬ್ಬಿಣದ ಅಳತೆ ಮತ್ತು ಗಡಿಸೀಮೆಯ ರಕ್ತಹೀನತೆ

ತುಂಗಭದ್ರೆಯ ದಂಡೆಯ ನಾಗಲದಿನ್ನೆಯನ್ನು ಒಳಗೊಂಡ ಆದೋನಿ ಸೀಮೆಯು 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರ ರಾಜ್ಯಕ್ಕೆ ಸೇರಿದ ಕಾಲಕ್ಕೆ, ರಕ್ತದ ಸೀರಮ್‌ನಲ್ಲಿರುವ ಕಬ್ಬಿಣವನ್ನು ಅಳೆಯುವ ವಿದ್ಯೆ ಯುರೋಪಿನ ಪ್ರಯೋಗಾಲಯಗಳಲ್ಲಿ ಇನ್ನೂ ರೂಪುಗೊಳ್ಳುತ್ತಿತ್ತು. ಹಿಮೋಗ್ಲೋಬಿನ್ ಪರೀಕ್ಷೆ ಅದಕ್ಕಿಂತ ಬಹಳ ಹಳೆಯದು. ಆದರೆ ಕಬ್ಬಿಣದ ಕೊರತೆಯಲ್ಲಿ ಮೊದಲು ದೇಹದ ದಾಸ್ತಾನು, ಬಳಿಕ ಸೀರಮ್‌ನ ಕಬ್ಬಿಣ, ಕೊನೆಗೆ ಹಿಮೋಗ್ಲೋಬಿನ್ ಕುಸಿಯುವುದರಿಂದ, ಆ ಪರೀಕ್ಷೆ ಕೊರತೆಯನ್ನು ತಡವಾಗಿಯೇ ತೋರಿಸುತ್ತದೆ.

ಸೀರಮ್ ಎಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ. ಆರೋಗ್ಯವಂತರ ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು 500 ಮೈಕ್ರೋಗ್ರಾಂ ಕಬ್ಬಿಣವಿದ್ದರೆ, ಅಷ್ಟೇ ಸೀರಮ್‌ನಲ್ಲಿರುವುದು ಸುಮಾರು ಒಂದು ಮೈಕ್ರೋಗ್ರಾಂ ಮಾತ್ರ; ರಕ್ತದ ಕಬ್ಬಿಣ ಬಹುಪಾಲು ಕೆಂಪುಕಣಗಳಲ್ಲೇ ಇರುತ್ತದೆ. ಆದ್ದರಿಂದಲೇ ಕೆಂಪುಕಣ ಒಡೆದ ಮಾದರಿಯನ್ನು ಪ್ರಯೋಗಾಲಯಗಳು ತಿರಸ್ಕರಿಸುತ್ತವೆ, ಗಾಜಿನ ಕೊಳವೆಗಳನ್ನು ಆಮ್ಲದಲ್ಲಿ ತೊಳೆದು, ಅಂಟಿಕೊಂಡ ಲೋಹವನ್ನೆಲ್ಲ ತೆಗೆಯುವುದು ರೂಢಿಗೆ ಬಂದದ್ದೂ ಇದೇ ಕಾರಣದಿಂದ.

ಜರ್ಮನಿಯ ಹೈಲ್‌ಮಾಯರ್ ಮತ್ತು ಪ್ಲೋಟ್ನರ್ 1937ರಲ್ಲಿ ಸೀರಮ್ ಕಬ್ಬಿಣಕ್ಕೂ ಕೊರತೆಯ ರೋಗಕ್ಕೂ ಇರುವ ನಂಟನ್ನು ಗ್ರಂಥವಾಗಿ ವಿವರಿಸಿದರು. ಕಬ್ಬಿಣವನ್ನು ಹೊತ್ತೊಯ್ಯುವ ಪ್ರೋಟೀನಿಗೆ ಸ್ವೀಡನ್ನಿನ ಹೋಮ್‌ಬರ್ಗ್ ಮತ್ತು ಲಾರೆಲ್ 1947ರಲ್ಲಿ ಟ್ರಾನ್ಸ್‌ಫೆರಿನ್ ಎಂದು ಹೆಸರಿಟ್ಟರು. ಮುಂದಿನ ಪ್ರಗತಿಯೆಲ್ಲ ಬಣ್ಣ ಬರಿಸುವ ಕಾರಕಗಳದ್ದು. ಮೊದಲು ಆಮ್ಲದಿಂದ ಕಬ್ಬಿಣವನ್ನು ಟ್ರಾನ್ಸ್‌ಫೆರಿನ್‌ನಿಂದ ಬಿಡಿಸಿ, ಆಸ್ಕಾರ್ಬಿಕ್ ಆಮ್ಲದಂಥ ಅಪಕರ್ಷಕದಿಂದ ಫೆರಿಕ್ ರೂಪವನ್ನು ಫೆರಸ್ ರೂಪಕ್ಕೆ ತಂದು, ಬಳಿಕ ಕಾರಕವನ್ನು ಬೆರೆಸಿದರೆ ದ್ರಾವಣ ಬಣ್ಣ ತಳೆಯುತ್ತದೆ, ಬಣ್ಣದ ಗಾಢತೆಯಿಂದ ಕಬ್ಬಿಣದ ಪ್ರಮಾಣ ತಿಳಿಯುತ್ತದೆ. ಕೆಂಪು ಬಣ್ಣ ಕೊಡುವ ಬ್ಯಾಥೋಫೆನಾಂತ್ರೋಲಿನ್ 1950ರ ದಶಕದಲ್ಲಿ ಬಳಕೆಗೆ ಬಂತು. 1970ರಲ್ಲಿ ಸ್ಟೂಕಿ ವಿವರಿಸಿದ ಫೆರೋಜಿನ್ ನೀರಿನಲ್ಲಿ ಸುಲಭವಾಗಿ ಕರಗಿ, 562 ನ್ಯಾನೋಮೀಟರ್ ತರಂಗಾಂತರದಲ್ಲಿ ಅಳೆಯಬಲ್ಲ ನೇರಳೆ ಬಣ್ಣ ಕೊಡುವುದರಿಂದ ಸ್ವಯಂಚಾಲಿತ ಯಂತ್ರಗಳಿಗೂ ಒಗ್ಗಿತು.

ಆದೋನಿ ಸೀಮೆಗೆ ಹತ್ತಿರದ ಪೋಷಣಾ ಸಂಶೋಧನಾ ಕೇಂದ್ರವೆಂದರೆ ಹೈದರಾಬಾದಿನದು. 1918ರಲ್ಲಿ ಕೂನೂರಿನಲ್ಲಿ ಮೆಕ್‌ಕ್ಯಾರಿಸನ್ ಆರಂಭಿಸಿದ ಆ ಸಂಸ್ಥೆ 1958ರಲ್ಲಿ ಹೈದರಾಬಾದಿಗೆ ಬಂದು, 1969ರಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಬಳ್ಳಾರಿಯಲ್ಲಿ 1961ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. 1970ರ ರಾಷ್ಟ್ರೀಯ ಕಾರ್ಯಕ್ರಮ ಗರ್ಭಿಣಿಯರಿಗೆ 60 ಮಿಲಿಗ್ರಾಂ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಯನ್ನು ಹಳ್ಳಿಗಳಿಗೂ ಒಯ್ದಿತು. ಸೀರಮ್ ಪರೀಕ್ಷೆಗೆ ಮಾತ್ರ ಶುದ್ಧ ಗಾಜು, ಶುದ್ಧ ನೀರು, ಫೋಟೋಮೀಟರ್ ಬೇಕಾದ್ದರಿಂದ ಅದು ದೊಡ್ಡ ಆಸ್ಪತ್ರೆಗಳನ್ನೇ ನೆಚ್ಚಿಕೊಂಡಿತು.

ಸೋಂಕಿನಲ್ಲೂ ಸೀರಮ್ ಕಬ್ಬಿಣ ಇಳಿಯುತ್ತದೆ, ದಿನದ ಹೊತ್ತಿಗೆ ತಕ್ಕಂತೆ ಏರಿಳಿಯುತ್ತದೆ. ಹಾಗಾಗಿ ಟ್ರಾನ್ಸ್‌ಫೆರಿನ್ ಎಷ್ಟು ಕಬ್ಬಿಣ ಹೊರಬಲ್ಲದು, ದಾಸ್ತಾನನ್ನು ಸೂಚಿಸುವ ಫೆರಿಟಿನ್ ಎಷ್ಟಿದೆ ಎಂಬುದನ್ನೂ ಕೂಡಿಸಿ ಓದಬೇಕು. ರಕ್ತಹೀನತೆಗೆ ಕಬ್ಬಿಣದ ಕೊರತೆಯೇ ಕಾರಣವೋ, ಸೋಂಕೋ, ವಿಟಮಿನ್ ಬಿ12ರ ಅಭಾವವೋ ಎಂದು ತಿಳಿಯದೆ ಕೊಟ್ಟ ಮಾತ್ರೆ ಎಲ್ಲರಿಗೂ ಫಲಿಸದು. ಮಾತ್ರೆ ತಲುಪಿದ ಪ್ರತಿ ಹಳ್ಳಿಗೂ ಸರಿಯಾದ ಅಳತೆಯೂ ತಲುಪಬೇಕೆಂಬುದೇ ಈ ಚರಿತ್ರೆ ಕಲಿಸುವ ಪಾಠ.